ಅಡುಗೆ ಮಾಡಿದವಳ ಕೇಸು

ನಮ್ಮ ಮೆಡಿಸಿನ್ ವಿಭಾಗದಲ್ಲಿ ಈ ಕತೆ ಹೇಳುವ ರೀತಿ ಹೀಗೆ: ಮೂರು ಸಲ ದಾಖಲಾಗಿ ಯಾರಿಗೂ ಅರ್ಥವಾಗದೆ ಉಳಿದ ಒಬ್ಬ ರೋಗಿಯ ಹತ್ತಿರ ನಮ್ಮ ಸರ್ ಬಂದರು. ಟಾರ್ಚ್ ಹಾಕಿ ಬಾಯಿ ನೋಡಿದರು. ಒಸಡಿನ ಅಂಚಿಗೆ ನೀಲಿ ಗೆರೆ. "ಸೀಸ," ಅಂದರು. ಟಾರ್ಚ್ ಆರಿಸಿ ಮುಂದಿನ ಹಾಸಿಗೆಗೆ ನಡೆದರು. ಹೊಸದಾಗಿ ಸೇರುವ ಪ್ರತಿ ಬ್ಯಾಚಿಗೂ ಇದನ್ನು ಹೇಳುತ್ತಾರೆ, ಮತ್ತು ಹೇಳಿದಂತೆಲ್ಲ ಸರ್ ನೋಡಲು ತೆಗೆದುಕೊಂಡ ಸಮಯ ಕಡಿಮೆಯಾಗುತ್ತ ಹೋಗುತ್ತದೆ. ನಾನು ಕಡೆಯದಾಗಿ ಕೇಳಿದಾಗ ಕತೆಯಲ್ಲಿ ಟಾರ್ಚೇ ಇರಲಿಲ್ಲ.

ನೀಲಿ ಗೆರೆ ಇತ್ತೇ? ಇತ್ತು. ಸರ್ ನೋಡಿದರೇ? ನೋಡಿದರು. ಆದರೆ ಅದಕ್ಕೆ ಒಂದು ದಿನ ಮೊದಲೇ ರಕ್ತದ ಲ್ಯಾಬಿನ ಟೆಕ್ನಿಷಿಯನ್ ನನಗೆ ಫೋನ್ ಮಾಡಿದ್ದರು. "ಮ್ಯಾಡಮ್, ನಿಮ್ಮ ಪೇಷಂಟ್‌ದು ಕೆಂಪು ಕಣದ ತುಂಬ ನೀಲಿ ಚುಕ್ಕೆ. ಏಕದಾ ಲೆಡ್ ಬಘಾ." ಒಮ್ಮೆ ಸೀಸ ನೋಡಿಸಿ ಅಂತ. ನಾನು "ಹೋ, ಹೋ" ಅಂತ ಫೋನ್ ಇಟ್ಟು ವಡಾಪಾವ್ ಮುಗಿಸಿದೆ. ಮರುದಿನ ರೌಂಡ್ಸಿನಲ್ಲಿ ಆ ವರದಿಯನ್ನು ಗಟ್ಟಿಯಾಗಿ ಓದಿದೆ. ಆಮೇಲೆ ಸರ್ ಟಾರ್ಚ್ ಕೇಳಿದರು. ಉತ್ತರ ಕಿವಿಗೆ ಬಿದ್ದ ಮೇಲೆ ಕಣ್ಣು ಚುರುಕಾಗುವುದು ನಮ್ಮ ಶಾಸ್ತ್ರದಲ್ಲಿ ಅಪರೂಪದ ಲಕ್ಷಣವೇನಲ್ಲ.

ಸರ್ ಪಾಲಿನ ಕೀರ್ತಿ ಕಡಿಮೆ ಮಾಡಿ ನನ್ನ ಪಾಲು ಹೆಚ್ಚಿಸಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ನನ್ನ ಪಾಲು ಅದಕ್ಕಿಂತ ಕೆಟ್ಟದಾಗಿದೆ.

ಆಗ ನಾನು ಎಂ.ಡಿ. ಎರಡನೇ ವರ್ಷ. ಆಸ್ಪತ್ರೆ ಉಪನಗರದ ಒಂದು ಟ್ರಸ್ಟಿನದು. ಹೆಸರು ಬೇಡ, ಟ್ರಸ್ಟಿಗಳು ಓದದಿದ್ದರೂ ಅವರ ವಕೀಲರು ಓದುತ್ತಾರೆ. ಮನೆ ಸಯನ್‌ನಲ್ಲಿ. ಅಪ್ಪ ಉಡುಪಿ ಕಡೆಯವರು, ಹೋಟೆಲಿನಲ್ಲಿ ಮ್ಯಾನೇಜರ್. ಫ್ರಿಜ್ಜಿನ ಮೇಲೆ ನನ್ನ ಚರ್ಚಾಸ್ಪರ್ಧೆಯ ಕಪ್ಪುಗಳ ಸಾಲು. ಆ ಸ್ಪರ್ಧೆಗಳಲ್ಲಿ ಪರ ಮಾತಾಡಬೇಕೋ ವಿರೋಧ ಮಾತಾಡಬೇಕೋ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಸತ್ಯ ಯಾವ ಕಡೆ ಇದೆ ಅನ್ನುವುದಕ್ಕೆ ಅಂಕ ಇರಲಿಲ್ಲ. ಹತ್ತು ವರ್ಷ ಹಾಗೆ ಪಳಗಿದ ನಾಲಿಗೆಯನ್ನು ತಂದು ನಾನು ಜನರಲ್ ವಾರ್ಡಿಗೆ ಸೇರಿಕೊಂಡಿದ್ದೆ.

ರೋಗಿ ನಲವತ್ತರ ಆಸುಪಾಸಿನ ಗಂಡಸು. ಊರು ವಿಜಾಪುರದ ಕಡೆ, ಮನೆ ಧಾರಾವಿಯಲ್ಲಿ ಒಂದೇ ಕೋಣೆಯ ಖೋಲಿ, ಕೆಲಸ ಘಾಟ್ಕೋಪರ್‌ನ ಒಂದು ಹೌಸಿಂಗ್ ಸೊಸೈಟಿಯಲ್ಲಿ ವಾಚ್‌ಮನ್. ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ಬಿಳಿಚಿದ ಮುಖ. ಜೊತೆಗೆ ಹೆಂಡತಿ. ಆಕೆ ಸಯನ್‌ನ ಎರಡು ಫ್ಲ್ಯಾಟುಗಳಲ್ಲಿ ಅಡುಗೆ ಮಾಡುವವಳು. ಹಿಂದೆ ಅವನ ಅವ್ವ, ಕೆಲವು ತಿಂಗಳ ಹಿಂದೆ ಊರಿಂದ ಬಂದು ಮಗನ ಮನೆಯಲ್ಲೇ ಉಳಿದಿದ್ದ ಅಜ್ಜಿ. ಯುನಿಟ್ಟಿನಲ್ಲಿ ಕನ್ನಡ ಬರುತ್ತಿದ್ದದ್ದು ನನಗೊಬ್ಬಳಿಗೇ, ಆದ್ದರಿಂದ ರೋಗಿ ನನ್ನ ತಲೆಗೆ ಬಿದ್ದ. ನನ್ನದು ತುಳು ಬೆರೆತ ಕರಾವಳಿ ಕನ್ನಡ, ಅವರದು ವಿಜಾಪುರದ್ದು. ಯುನಿಟ್ಟಿನ ಪಾಲಿಗೆ ಎರಡೂ 'ಸೌತ್'. ಅಜ್ಜಿ ಮಾತ್ರ ಮೊದಲ ದಿನವೇ ಕೇಳಿದರು, "ಯವ್ವಾ, ನಿನ್ನ ಕನ್ನಡ ಪುಸ್ತಕದಾಗಿಂದೇನ?"

ಮೊದಲ ಸಲ ದಾಖಲಾದಾಗ ಸೋನೋಗ್ರಫಿ, ಎಕ್ಸ್‌ರೇ ಎಲ್ಲ ಸರಿ. ಐದನೇ ದಿನ ನೋವಿಲ್ಲ, ಮನೆಗೆ ಹೋದ. ಎರಡು ತಿಂಗಳಿಗೆ ಮತ್ತೆ ಬಂದ. ಮತ್ತೆ ಐದೇ ದಿನ, ಮತ್ತೆ ಗುಣ. ಕೇಸ್ ಮೀಟಿಂಗಿನಲ್ಲಿ ಸರ್ ಕೇಳಿದರು, "ಇವನಿಗೇನಾಗಿದೆ?" ನಾನು ಎದ್ದೆ. ಆಸ್ಪತ್ರೆಗೆ ಬಂದ ಕೂಡಲೇ ಗುಣವಾಗುವ, ಮನೆಗೆ ಹೋದ ಕೂಡಲೇ ಮರಳುವ ಕಾಯಿಲೆ ಯಾವ ಪುಸ್ತಕದಲ್ಲೂ ಇಲ್ಲ ಅಂದೆ. ಹನ್ನೆರಡು ಗಂಟೆ ಗೇಟಿನಲ್ಲಿ ನಿಲ್ಲುವ ಮನುಷ್ಯನಿಗೆ ಫ್ಯಾನಿನ ಕೆಳಗಿನ ಹಾಸಿಗೆ, ಎರಡು ಹೊತ್ತು ಊಟ, ರಜೆಗೆ ಡಾಕ್ಟರ ಚೀಟಿ, ಇಷ್ಟು ಸಿಗುವಾಗ ಹೊಟ್ಟೆನೋವು ಬಾರದಿದ್ದರೇ ಆಶ್ಚರ್ಯ ಅಂದೆ. ನಕ್ಕರು. ಯಾರೋ "ಹಿಮೋಗ್ಲೋಬಿನ್ ಅಷ್ಟು ಕಡಿಮೆ ಇದೆಯಲ್ಲ?" ಅಂದರು. "ಬಡವರ ಹಿಮೋಗ್ಲೋಬಿನ್ ಯಾವಾಗ ಜಾಸ್ತಿ ಇತ್ತು?" ಅಂತ ಬಾಯಿ ಮುಚ್ಚಿಸಿದೆ. ಕಪ್ಪು ಕೊಡಲಿಲ್ಲ, ಅಷ್ಟೇ ಬಾಕಿ. ಅವನನ್ನು ಮನೋರೋಗ ವಿಭಾಗಕ್ಕೆ ಬರೆದು ಕಳಿಸಿದೆವು.

ಮೂರನೇ ಸಲ ಅವನು ಬಂದದ್ದು ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು. ಮಣಿಕಟ್ಟು ಜೋತುಬಿದ್ದಿತ್ತು. ಚಹಾದ ಗ್ಲಾಸು ಕೊಟ್ಟರೆ ಬೆರಳು ಸುತ್ತಿಕೊಳ್ಳುತ್ತಿತ್ತು, ಕೈ ಮಾತ್ರ ಮೇಲೇಳುತ್ತಿರಲಿಲ್ಲ. ಸೊಸೈಟಿಯವರು ಗೇಟಿಗೆ ಬೇರೆಯವರನ್ನು ನೋಡಿಕೊಂಡಿದ್ದರು. ಇಷ್ಟು ಚೆನ್ನಾಗಿ ನಟಿಸಲು ನರಶಾಸ್ತ್ರ ಓದಿರಬೇಕು. ನಾನು ಓದಿದ್ದೆ, ನನ್ನಿಂದಲೇ ಆಗುವುದಿಲ್ಲ. ಲ್ಯಾಬಿನವರು ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದು, ನಾನು ವಡಾಪಾವ್ ತಿಂದದ್ದು, ಸರ್ ಟಾರ್ಚ್ ಕೇಳಿದ್ದು ಆಗಲೇ. ಸೀಸದ ಪರೀಕ್ಷೆಗೆ ರಕ್ತ ಹೊರಗೆ ಕಳಿಸಿದೆವು. ಬಂತು. ಇರಬಾರದಷ್ಟು ಸೀಸ.

ಎಲ್ಲಿಂದ ಬಂತು ಅನ್ನುವುದಕ್ಕೆ ಸರ್‌ಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. "ಧಾರಾವಿ," ಅಂದರು. "ಬ್ಯಾಟರಿ ಒಡೆಯುವ ಕೆಲಸ."

"ಸರ್, ಅವನು ವಾಚ್‌ಮನ್. ಘಾಟ್ಕೋಪರ್‌ನಲ್ಲಿ."

"ಮನೆ ಧಾರಾವಿಯಲ್ಲಿ ಅಲ್ಲವೇ?"

"ಮನೆಯಲ್ಲಿ ಅವನು ಮಲಗುತ್ತಾನೆ ಸರ್. ಅವನು ಮುಟ್ಟುವ ದೊಡ್ಡ ಲೋಹ ಅಂದರೆ ಸೊಸೈಟಿಯ ಗೇಟು."

ಓಣಿಯಲ್ಲಿ ಅಂಥ ಕಾರ್ಖಾನೆ ಇದೆಯೇ ಅಂತ ವಿಚಾರಿಸಿದೆವು. ಇರಲಿಲ್ಲ. ಅಕ್ಕಪಕ್ಕದಲ್ಲಿದ್ದದ್ದು ಬ್ಯಾಗ್ ಹೊಲಿಯುವವರು. ಅವನ ಹೆಂಡತಿ, ಮಕ್ಕಳ ರಕ್ತ ನೋಡಿದೆವು, ಸರಿಯಾಗಿತ್ತು. ಅದೇ ನೀರು, ಅದೇ ಪಾತ್ರೆ, ಅದೇ ಗಾಳಿ, ಆದರೆ ಸೀಸ ಒಬ್ಬನ ಮೈಯಲ್ಲಿ ಮಾತ್ರ. ಸರ್ ಕೇಸ್‌ಪೇಪರಿನಲ್ಲಿ ಬರೆದರು: ವಿಷಪ್ರಾಶನ, ಮೂಲ ತಿಳಿದಿಲ್ಲ. ವಿಷದ ಕೇಸಾದರೆ ಪೊಲೀಸರಿಗೆ ತಿಳಿಸಬೇಕು, ಅದು ನಿಯಮ. ತಿಳಿಸಿದೆವು.

ಸಂಜೆ ಭೇಟಿಯ ಹೊತ್ತಿಗೆ ಕಾನ್‌ಸ್ಟೇಬಲ್ ಬಂದರು. ಸಜ್ಜನ ಮನುಷ್ಯ, ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ಡೈರಿ ತೆರೆದರು. ಅವರ ಮೊದಲ ಪ್ರಶ್ನೆ ಮನೆಯಲ್ಲಿ ಅಡುಗೆ ಮಾಡುವವರು ಯಾರು ಅಂತ: "ಘರ್ ಮೇ ಖಾನಾ ಕೌನ್ ಬನಾತಾ ಹೈ?"

"ಮೈ," ಅಂದಳು ಹೆಂಡತಿ.

ಬರೆದುಕೊಂಡರು. ಆ ಒಂದು ಅಕ್ಷರ ಬರೆಯಲು ಅವರು ತೆಗೆದುಕೊಂಡಷ್ಟು ಹೊತ್ತನ್ನು ನಾವು ಎರಡು ಸಲದ ದಾಖಲಾತಿಯಲ್ಲೂ ಅವಳೊಡನೆ ಕಳೆದಿರಲಿಲ್ಲ.

ಮೂಲೆಯಲ್ಲಿ ನಿಂತಿದ್ದ ಅಜ್ಜಿ ಮುಂದೆ ಬಂದರು. "ನಾ ಏನ್ ಹೇಳಿದ್ನಿ? ಆಕಿ ಅನ್ನದಾಗ ಹಾಕ್ಯಾಳ ಅಂತ ಮೊದಲಿಂದ ಹೇಳಾಕತ್ತೀನಿ. ಈಗ ದೊಡ್ಡ ಡಾಕ್ಟರೂ ಅದನ್ನ ಹೇಳಿದ್ರು. ಮಿಸೀನಾಗ ನೋಡಿ ಹೇಳಿದ್ರು."

ಹೆಂಡತಿ ಗಂಡನನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಊಟದಲ್ಲಿ ಏನೋ ಬೆರೆಸುತ್ತಾಳೆ, ಅದು ಹೊಟ್ಟೆಯಲ್ಲಿ ಗಂಟಾಗಿ ಕೂತು ಆಳನ್ನು ತಿನ್ನುತ್ತದೆ ಅನ್ನುವ ನಂಬಿಕೆ ಇದು. ನಮ್ಮ ಕರಾವಳಿಯಲ್ಲೂ ಇದೆ, ಕೈವಿಷ ಅನ್ನುತ್ತೇವೆ. ನಾವು ಓದಿದವರಾದ್ದರಿಂದ ಸ್ವಲ್ಪ ಮೆಲ್ಲಗೆ ಅನ್ನುತ್ತೇವೆ. ಅಜ್ಜಿಯ ಪುರಾವೆಯೂ ನನ್ನದೇ ಪುರಾವೆ: ಆಸ್ಪತ್ರೆಯ ಊಟ ಉಂಡರೆ ಗುಣ, ಮನೆಯ ಊಟ ಉಂಡರೆ ನೋವು. ನಾನು ಅದರಿಂದ ಗಂಡ ಕಳ್ಳ ಅಂತ ತೀರ್ಮಾನಿಸಿದ್ದೆ, ಅಜ್ಜಿ ಹೆಂಡತಿ ಕೊಲೆಗಾರ್ತಿ ಅಂತ ತೀರ್ಮಾನಿಸಿದ್ದರು. ನನಗೆ ಪದವಿ ಇತ್ತು, ಅವರಿಗೆ ಈಗ ನಮ್ಮದೇ ಲ್ಯಾಬ್ ರಿಪೋರ್ಟ್ ಇತ್ತು.

ಮರುದಿನ ಆ ಹೆಂಗಸು ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದಳು. ಪೊಲೀಸರು ಬಂದ ಸುದ್ದಿ ಅವಳು ಅಡುಗೆ ಮಾಡುವ ಬಿಲ್ಡಿಂಗಿಗೂ ಮುಟ್ಟಿತ್ತು. ಒಂದು ಫ್ಲ್ಯಾಟಿನವರು ನಾಳೆಯಿಂದ ಬರಬೇಡ ಅಂದಿದ್ದರು. "ಅಡಿಗಿ ಮಾಡಾಕಿ ಕೈ ಮ್ಯಾಲ ಒಮ್ಮೆ ಸಂಶೆ ಬಂದ್ರ ಮುಗೀತಲ್ರಿ ಮೇಡಮ್ಮಾರ," ಅಂದಳು. ಊರಿಂದ ಭಾವ ಫೋನ್ ಮಾಡಿದ್ದನಂತೆ. ಆಸ್ಪತ್ರೆಯ ಕಾಗದದಲ್ಲಿ ಏನು ಬರುತ್ತದೋ ನೋಡುತ್ತೇವೆ. ಮೂಲ ಬೇರೆ ಅಂತ ಬರೆದು ಬರದಿದ್ದರೆ ತಮ್ಮನನ್ನೂ ಮಕ್ಕಳನ್ನೂ ಅವ್ವ ಊರಿಗೆ ಕರೆದುಕೊಂಡು ಬರುತ್ತಾಳೆ, ನೀನು ತವರಿಗೆ ಹೋಗು ಅಂತ. "ನಾ ಹಾಕಿಲ್ಲ ಅಂತ ಒಂದ ಸಾಲು ಬರದ ಕೊಡ್ರಿ," ಅಂದಳು.

"ಹಾಗೆ ಬರೆಯೋಕೆ ಬರೋದಿಲ್ಲ. ಎಲ್ಲಿಂದ ಬಂತು ಅಂತ ಗೊತ್ತಾದ್ರೆ ಅದನ್ನ ಬರೀಬಹುದು."

"ಹಂಗಾರ ಅದನ್ನರ ಹುಡುಕ್ರಿ. ನೀವ ಡಾಕ್ಟರ್ ಅಲ್ರೀ?"

ನಾಟಿ ಔಷಧಿಯ ಪ್ರಶ್ನೆಯನ್ನು ನಾವು ಕೇಳಿರಲಿಲ್ಲ ಅಂತಲ್ಲ. ಪ್ರತಿ ದಾಖಲಾತಿಯಲ್ಲೂ ಕೇಳಿದ್ದೆ. ಯಾರನ್ನು? ಜನರಲ್ ವಾರ್ಡಿನಲ್ಲಿ ಒಬ್ಬ ರೋಗಿಗೆ ಒಂದೇ ಪಾಸು, ಪಾಸು ಇದ್ದವರೇ ಸಂಬಂಧಿ. ಪಾಸು ಹೆಂಡತಿಯ ಕೈಯಲ್ಲಿತ್ತು. ಅವಳನ್ನು ಕೇಳಿದ್ದೆ, ಅವಳೆದುರಿಗೇ ಗಂಡನನ್ನು ಕೇಳಿದ್ದೆ. ಇಬ್ಬರೂ "ಇಲ್ರಿ" ಅಂದಿದ್ದರು. ಅಜ್ಜಿ ಸಂಜೆ ಭೇಟಿಯ ಹೊತ್ತಿನಲ್ಲಿ ಬಂದು ಹೋಗುವವರು. ಅವರನ್ನು ಕೇಳಲು ನಮ್ಮ ಫಾರ್ಮಿನಲ್ಲಿ ಜಾಗವಿರಲಿಲ್ಲ.

ಆ ಸಂಜೆ ಅಜ್ಜಿಯನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋದೆ. ಔಷಧಿ ಏನಾದರೂ ಕೊಟ್ಟಿದ್ದೀರಾ ಅಂದೆ. "ನನಗೇನ್ ತಿಳೀತೈತಿ ತಂಗಿ, ನಾ ಹಳ್ಳ್ಯಾಕಿ," ಅಂದರು. ಸುತ್ತಿ ಬಳಸಿ ಮೂರು ಸಲ ಕೇಳಿದೆ, ಮೂರು ಸಲವೂ ಹಳ್ಳಿಯವರೇ ಆಗಿ ಉಳಿದರು. ಆಗ ಹಳೆಯ ಚಾಳಿ ನೆನಪಾಯಿತು: ಎದುರಾಳಿಯನ್ನು ತಳ್ಳಿದಷ್ಟೂ ಗಟ್ಟಿಯಾಗಿ ನಿಲ್ಲುತ್ತಾನೆ, ಅವನ ಮಾತನ್ನೇ ಪೂರ್ತಿ ಒಪ್ಪಿಕೊಂಡುಬಿಟ್ಟರೆ ಮುಗ್ಗರಿಸುತ್ತಾನೆ.

"ಸರಿ ಅಜ್ಜಿ, ನಿಮ್ಮ ಸೊಸೆ ಹಾಕಿದ್ದಾಳೆ ಅಂತಲೇ ಇಟ್ಟುಕೊಳ್ಳೋಣ."

"ಇಟಗೊಳ್ಳೂದೇನ? ಹಾಕ್ಯಾಳ."

"ಆಯ್ತು, ಹಾಕಿದ್ದಾಳೆ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ತಿಂಗಳು ಸುಮ್ಮನೆ ಕೂತು ನೋಡಿದ್ರಾ? ಹೆತ್ತ ತಾಯಿಯಾಗಿ?"

"ಸುಮ್ಮ ಕುಂತ್ನೆ? ನಾನು?" ಅಜ್ಜಿ ಎದ್ದೇ ನಿಂತರು. "ನಿಮ್ಮಂಗ ಬರೇ ಬರಕೊಂಡ ಹೋಗಾಕಿ ಅಲ್ಲ ನಾ. ಹೋದ ಮಳಿಗಾಲದಾಗ ಅವಂಗ ಹೊಟ್ಟಿನೋವು ಸುರು ಆತು. ಇದ ದವಾಖಾನಿಗೆ ಬಂದ, ಗುಳಿಗಿ ಕೊಟ್ಟ್ರಿ, ಹೋಗಲಿಲ್ಲ. ಊರಿಗೆ ಫೋನ್ ಮಾಡಿ ಅತ್ತ. ನಾ ಅವತ್ತ ಹೋಗಿ ತಂದ್ನಿ." ಸೊಂಟದ ಸಂಚಿಯಿಂದ ಎಲೆ ಅಡಿಕೆಯ ಅಡಿಯಲ್ಲಿದ್ದ ಕಾಗದದ ಪೊಟ್ಟಣ ತೆಗೆದರು. ಕುಂಕುಮಕ್ಕಿಂತ ಕೊಂಚ ಕಿತ್ತಳೆ ಬಣ್ಣದ ಪುಡಿ. ಅಂಗೈಯಲ್ಲಿಟ್ಟುಕೊಂಡರೆ ಅಷ್ಟು ಚಿಕ್ಕ ಪೊಟ್ಟಣಕ್ಕೆ ಇರಬೇಕಾದ್ದಕ್ಕಿಂತ ಭಾರ. ಊರ ಕಡೆ ಒಬ್ಬ ಇದ್ದಾನೆ, ಹೊಟ್ಟೆಯಲ್ಲಿ ಹಾಕಿದ್ದನ್ನು ಇಳಿಸುತ್ತಾನೆ. ದಿನಾ ಬೆಳಗ್ಗೆ ಬೆಣ್ಣೆಯಲ್ಲಿ ಕಲಸಿ ಕೊಡಬೇಕು. "ಹಾಕಿದಾಕಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದ್ರ ತಿರುಗಿ ಹಾಕ್ತಾಳ." ಸೊಸೆ ಬೆಳಗ್ಗೆ ನೀರಿನ ಪಾಳಿಗೆ ನಲ್ಲಿಗೆ ಹೋದಾಗ ಅಜ್ಜಿ ಮಗನಿಗೆ ಕೊಡುತ್ತಿದ್ದರು. ಆಸ್ಪತ್ರೆಯಲ್ಲಿ ಪಾಸು ಸೊಸೆಯದಾದ್ದರಿಂದ ಬೆಳಗ್ಗೆ ಅಜ್ಜಿಯನ್ನು ಒಳಗೆ ಬಿಡುತ್ತಿರಲಿಲ್ಲ, ಸಂಜೆ ಸೊಸೆ ಪಕ್ಕದಲ್ಲೇ ಇರುತ್ತಿದ್ದಳು; ಕೊಡಲು ಆಗುತ್ತಿರಲಿಲ್ಲ. ಐದು ದಿನಕ್ಕೆ ಗುಣ. ನಮ್ಮ ವಾರ್ಡಿನ ಅತ್ಯಂತ ಪರಿಣಾಮಕಾರಿ ಚಿಕಿತ್ಸೆ ಅಂದರೆ ಗೇಟಿನಲ್ಲಿ ಅಜ್ಜಿಯನ್ನು ತಡೆದ ಸೆಕ್ಯುರಿಟಿಯವನು.

ಹೆಂಡತಿ ಚಹಾ ತರಲು ಹೋದಾಗ ನಾನು ಗಂಡನ ಹತ್ತಿರ ಕೂತೆ. "ಪುಡಿ ತಿಂತಿದ್ದದ್ದು ನಿಮಗೆ ಗೊತ್ತಿತ್ತಲ್ಲ? ನಾನು ಕೇಳಿದಾಗ ಯಾಕೆ ಹೇಳಲಿಲ್ಲ?"

ಅವನು ಜೋತುಬಿದ್ದ ಕೈಯನ್ನು ಚಾದರದ ಒಳಗೆ ಎಳೆದುಕೊಂಡ. "ಆಕಿ ಅಲ್ಲೇ ನಿಂತಿದ್ಲಲ್ರೀ. ಹೂಂ ಅಂದ್ರ, ನೀ ಮಾಡಿದ ಅನ್ನದ ಮ್ಯಾಲ ನನಗೂ ಸಂಶೆ ಐತಿ ಅಂದಂಗ ಆಗತಿತ್ತು."

"ಸಂಶಯ ಇತ್ತಾ?"

"ಅವ್ವ ಬ್ಯಾಸರ ಮಾಡ್ಕೋತಾಳಂತ ತಿಂತಿದ್ನಿ. ಆಕಿ ಬ್ಯಾಸರ ಮಾಡ್ಕೋತಾಳಂತ ಹೇಳಲಿಲ್ಲ." ಇಬ್ಬರು ಹೆಂಗಸರನ್ನೂ ನೋಯಿಸಬಾರದೆಂದು ಒಂದು ಕೈ ಕಳೆದುಕೊಂಡ ಮನುಷ್ಯ. ಇದು ಪ್ರೀತಿ ಅಂತಲೂ ವಾದಿಸಬಹುದು, ಹೇಡಿತನ ಅಂತಲೂ ವಾದಿಸಬಹುದು. ನಾನು ಎದ್ದು ಬಂದೆ.

ಪೊಟ್ಟಣ ನೋಡಿ ಸರ್ ಮುಖ ಅರಳಿತು. "ಬ್ಯೂಟಿಫುಲ್," ಅಂದರು. ಪಕ್ಕದಲ್ಲಿ ಸ್ಟೀಲಿನ ಸ್ಕೇಲಿಟ್ಟು ಫೋಟೋ ತೆಗೆದರು, ಕಿಟಕಿಯ ಬೆಳಕಿನಲ್ಲಿ ಇನ್ನೊಂದು ತೆಗೆದರು. ಇದನ್ನು ಕೇಸ್ ರಿಪೋರ್ಟ್ ಮಾಡಿ ಜರ್ನಲ್ಲಿಗೆ ಕಳಿಸಬೇಕು, ಬರೆಯುವವಳು ನಾನು, ಮೊದಲ ಹೆಸರು ಅವರದು. ಟೆಕ್ನಿಷಿಯನ್ ಹೆಸರು ಕೃತಜ್ಞತೆಯ ಸಾಲಿನಲ್ಲೂ ಬೇಡ, ಸಾಲು ಉದ್ದವಾಗುತ್ತದೆ. ನನ್ನ ಕರಡಿಗೆ ಅವರು ಒಂದು ವಾಕ್ಯ ಸೇರಿಸಿದರು: ನಾಟಿ ಔಷಧ ಸೇವನೆಯ ವಿಷಯವನ್ನು ಪತ್ನಿ ಮುಚ್ಚಿಟ್ಟಿದ್ದಳು.

"ಸರ್, ಅವಳಿಗೆ ಗೊತ್ತೇ ಇರಲಿಲ್ಲ. ಮುಚ್ಚಿಟ್ಟದ್ದು ಉಳಿದ ಇಬ್ಬರು."

"ಪಾಯಿಂಟ್ ಏನು ಅಂದರೆ, ನಮಗೆ ಹಿಸ್ಟರಿ ಸಿಗಲಿಲ್ಲ. ಅಷ್ಟೇ."

"ಅವಳ ಪಾಯಿಂಟ್ ಬೇರೆ ಇದೆ ಸರ್. ಡಿಸ್ಚಾರ್ಜ್ ಕಾರ್ಡಿನಲ್ಲಿ ಒಂದು ಸಾಲು. ಸೀಸ ಈ ಪುಡಿಯಿಂದ ಬಂತು ಅಂತ."

"ಪುಡಿಯ ಲ್ಯಾಬ್ ರಿಪೋರ್ಟ್ ಎಲ್ಲಿ? ಎವಿಡೆನ್ಸ್ ಇಲ್ಲದೆ ನಾನು ಸಹಿ ಹಾಕುವುದಿಲ್ಲ."

ಅವಳ ಮೇಲೆ ಸಂಶಯಪಡಲು ಎವಿಡೆನ್ಸ್ ಬೇಕಾಗಿರಲಿಲ್ಲ, ಬಿಡಲು ಬೇಕಾಯಿತು. ಚಿಟಿಕೆ ಪುಡಿ ಪರೀಕ್ಷೆಗೆ ಹೋಯಿತು, ಉಳಿದ ಪೊಟ್ಟಣ ಮತ್ತಷ್ಟು ಫೋಟೋಗಳಿಗಾಗಿ ಸರ್ ಕಪಾಟು ಸೇರಿತು. ಮೈಯ ಸೀಸವನ್ನು ಮೂತ್ರದಲ್ಲಿ ಹೊರಗೆ ಹಾಕುವ ಔಷಧಿ ಕೊಟ್ಟು ರೋಗಿಯನ್ನು ಮನೆಗೆ ಕಳಿಸಿದೆವು. ಕಾರ್ಡಿನಲ್ಲಿ ಬರೆದದ್ದು: ಮೂಲ ಪರಿಶೀಲನೆಯಲ್ಲಿದೆ. ಹೆಂಡತಿ ಅದನ್ನು ಎರಡು ಸಲ ಓದಿಸಿಕೊಂಡಳು. "ಪರಿಸೀಲನಿ ಅಂದ್ರ ಇನ್ನೂ ನಾನ ಅಂತ ಅಲ್ರೀ?" ಅಂದಳು. ಅಲ್ಲ ಅಂತ ಹೇಳಿದೆ. ನಾನೇ ನಂಬಲಿಲ್ಲ, ಅವಳು ನಂಬುವುದು ದೂರವೇ ಉಳಿಯಿತು. ಭಾವನನ್ನು ಹೇಗೋ ಒಪ್ಪಿಸಿ ಮುಂದಿನ ತಪಾಸಣೆಯವರೆಗೆ ಗಡುವು ತೆಗೆದುಕೊಂಡಳು. ಕಾನ್‌ಸ್ಟೇಬಲ್‌ಗೆ ನಾನೇ ಫೋನ್ ಮಾಡಿ ಪುಡಿಯ ವಿಷಯ ತಿಳಿಸಿದೆ. "ಲಿಖ್ ಕೇ ದೇ ದೋ ಮ್ಯಾಡಮ್," ಅಂದರು. ಅವರಿಗೂ ಬರವಣಿಗೆಯಲ್ಲಿ ಅದೇ ಸಾಲು ಬೇಕಾಗಿತ್ತು.

ಐದು ವಾರ ನಾನು ದಿನಾ ಆ ಹೊರಗಿನ ಲ್ಯಾಬಿಗೆ ಫೋನ್ ಮಾಡಿದೆ. ನನ್ನ ನಂಬರ್ ನೋಡಿಯೇ "ನಹೀ ಆಯಾ ಮ್ಯಾಡಮ್" ಅನ್ನುವಷ್ಟು ಪರಿಚಯವಾಯಿತು. ತಪಾಸಣೆಯ ಹಿಂದಿನ ದಿನ ಬಂತು. ಪುಡಿಯ ಬಹುಪಾಲು ಸೀಸವೇ. ಸರ್ ಆ ಹೊತ್ತಿಗೆ ಎರಡು ಫೋಟೋಗಳಲ್ಲಿ ಯಾವುದು ಚೆನ್ನಾಗಿದೆ ಅಂತ ನೋಡುತ್ತಿದ್ದರು. ಕಾರ್ಡು ಮುಂದಿಟ್ಟೆ, ಕಣ್ಣೆತ್ತದೆ ಸಹಿ ಹಾಕಿದರು.

ಮರುದಿನ ಓಪಿಡಿಯ ಹೊರಗಿನ ಸಾಲಿನಲ್ಲಿ ಮೂವರೂ ಇದ್ದರು. ಅವನ ಕೈ ಸ್ವಲ್ಪ ಎದ್ದಿತ್ತು; ನೀರಿನ ಬಾಟಲಿಯನ್ನು ತಾನೇ ಹಿಡಿದುಕೊಂಡಿದ್ದ. ಹೆಂಡತಿ ನನ್ನ ಕೈಯಲ್ಲಿದ್ದ ಕಾರ್ಡನ್ನೇ ನೋಡುತ್ತಿದ್ದಳು. ನಾನು ಅಜ್ಜಿಯ ಎದುರು ಕುಕ್ಕರಗಾಲಿನಲ್ಲಿ ಕೂತು, ಇಂಗ್ಲಿಷಿನಲ್ಲಿದ್ದ ಆ ಸಾಲನ್ನು ನನ್ನ ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಹೇಳಿದೆ. ರಕ್ತದಲ್ಲಿ ಸಿಕ್ಕ ಸೀಸ, ಮನೆಯಲ್ಲಿ ಬೆಣ್ಣೆಯೊಂದಿಗೆ ಕೊಟ್ಟ ಪುಡಿಯಿಂದ ಬಂದದ್ದು, ಅಡುಗೆಯಿಂದ ಅಲ್ಲ. 'ಅಡುಗೆಯಿಂದ ಅಲ್ಲ' ಅನ್ನುವುದನ್ನು ನಾನೇ ಸೇರಿಸಿ ಬರೆದಿದ್ದೆ, ಸರ್ ಓದಿರಲಿಲ್ಲ. ಬರಬೇಡ ಅಂದಿದ್ದ ಆ ಫ್ಲ್ಯಾಟಿನವರಿಗೆ ತೋರಿಸಲಿ ಅಂತ ಅದರ ಝೆರಾಕ್ಸ್ ಕೂಡ ಮಾಡಿಸಿದ್ದೆ. ಅಜ್ಜಿ ಕಿರುಚಾಡಬಹುದು, ಪುಡಿ ಕೊಟ್ಟವನ ಪರ ನಿಲ್ಲಬಹುದು, ಅಳಬಹುದು; ಮೂರಕ್ಕೂ ಮಾತು ಜೋಡಿಸಿಟ್ಟುಕೊಂಡು ಬಂದಿದ್ದೆ.

ಅವರು ಮೂರರಲ್ಲಿ ಒಂದನ್ನೂ ಮಾಡಲಿಲ್ಲ. ಕಾರ್ಡನ್ನು ಇಸಿದುಕೊಂಡು ಸಹಿಯ ಮೇಲೆ ಹೆಬ್ಬೆರಳು ಸವರಿದರು. ಮಗನ ಕೈ ನೋಡಿದರು.

"ಅಂದ್ರ ಕೈ ಬಿದ್ದಿದ್ದು ನನ್ನಿಂದ," ಅಂದರು.

"ಪುಡಿಯಿಂದ, ಅಜ್ಜಿ."

"ಕೊಟ್ಟಾಕಿ ನಾನ ಅಲ್ಲ? ಒಪ್ಪಿದ್ನಿ." ಸೊಸೆ ಮೊದಲ ಬಾರಿಗೆ ಅತ್ತೆಯ ಕಡೆ ತಿರುಗಿದಳು. ಅಜ್ಜಿ ಅವಳನ್ನು ನೋಡಲಿಲ್ಲ, ಕಾರ್ಡನ್ನು ನನ್ನ ಕೈಗೇ ವಾಪಸು ಕೊಟ್ಟರು. "ಆದ್ರ ತಂಗಿ, ನೀ ಓದಿದಾಕಿ, ನೀನ ಹೇಳು. ನಾ ಆಗ ಊರಾಗಿದ್ನಿ, ಪುಡಿ ಇನ್ನೂ ತಂದಿರಲಿಲ್ಲ. ಮಳಿಗಾಲದಾಗಿನ ಆ ಮೊದಲನೇ ಹೊಟ್ಟಿನೋವು ಇವಂಗ ಯಾತರಿಂದ ಬಂತು?"